ಇಂಗ್ಲೆಂಡಿನ ಹಳ್ಳಿದಾರಿಗಳಲ್ಲಿ ಮೌಂಟನ್ ಬೈಕ್: ನೆಲ ನೋಡಿ ಮಾರ್ಗ ಆರಿಸುವವರಿಗೆ ಸಮಗ್ರ ಮಾರ್ಗದರ್ಶಿ

ರೀಡಿಂಗ್, ಸ್ವಿಂಡನ್, ಮಿಲ್ಟನ್ ಕೀನ್ಸ್ ಕಡೆ ನೆಲೆಸಿರುವ ನಮ್ಮವರಲ್ಲಿ ಮೌಂಟನ್ ಬೈಕ್ ಕೊಂಡವರು ಮೊದಲ ವಾರಾಂತ್ಯದಲ್ಲಿ ಮಾಡುವ ತಪ್ಪು ಬಹುಮಟ್ಟಿಗೆ ಒಂದೇ. ಫೋನಿನ ಆ್ಯಪ್ ‘ಸುಲಭ’ ಎಂದು ತೋರಿಸಿದ, ಹದಿನೈದು ಕಿಲೋಮೀಟರ್ ಉದ್ದದ, ಏರು ಕಡಿಮೆಯಿರುವ ಒಂದು ಸುತ್ತನ್ನು ಹಿಡಿದು ಹೊರಡುತ್ತಾರೆ. ಮೂರನೆಯ ಕಿಲೋಮೀಟರಿನಲ್ಲಿ ಬೇಲಿಯ ತಡಮೆ (ಇಲ್ಲಿನವರ ಮಾತಿನಲ್ಲಿ ಸ್ಟೈಲ್) ದಾಟಲು ಸೈಕಲನ್ನು ಹೆಗಲಿಗೇರಿಸಿಕೊಳ್ಳುತ್ತಾರೆ, ಐದನೆಯದರಲ್ಲಿ ಚಕ್ರವೇ ತಿರುಗದಷ್ಟು ಕೆಸರು ಮೆತ್ತಿಸಿಕೊಳ್ಳುತ್ತಾರೆ, ಉಳಿದ ದಾರಿಯನ್ನು ತಳ್ಳಿಕೊಂಡೇ ಮುಗಿಸುತ್ತಾರೆ. ಇವರಲ್ಲಿ ಕಾಲಿನ ಶಕ್ತಿ ಸಾಲದೆ ಸೋತವರು ತೀರ ಕಡಿಮೆ. ಇಲ್ಲಿನ ದಾರಿ ಸುಲಭವೋ ಕಷ್ಟವೋ ಎಂಬುದನ್ನು ಉದ್ದ ಮತ್ತು ಎತ್ತರಗಳಿಗಿಂತ ಮೊದಲು ಎರಡು ಸಂಗತಿಗಳು ತೀರ್ಮಾನಿಸುತ್ತವೆ: ಆ ದಾರಿಯಲ್ಲಿ ಸೈಕಲ್ಲಿಗೆ ಹಕ್ಕಿದೆಯೇ, ಮತ್ತು ಆ ತಿಂಗಳಿನಲ್ಲಿ ಚಕ್ರದ ಕೆಳಗಿನ ನೆಲ ಹೇಗಿರುತ್ತದೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಅನುಸರಿಸಬೇಕು. ಸೈಕಲ್ ಸಿದ್ಧಮಾಡಿಕೊಂಡ ಮೇಲೆ ದಾರಿ ಹುಡುಕುವವರಿಗೇ ಹೆಚ್ಚು ತೊಂದರೆಯಾಗುತ್ತದೆ.

## ಹಂತ 1: ದಾರಿಯ ಹಕ್ಕನ್ನು ನಕ್ಷೆಯಲ್ಲಿ ಓದಿ

ಹೊಲ, ಹುಲ್ಲುಗಾವಲು, ಕಾಡುಗಳ ನಡುವೆ ಹಾದುಹೋಗುವ ಸಾರ್ವಜನಿಕ ದಾರಿಗಳಲ್ಲಿ ಇಂಗ್ಲೆಂಡಿನಲ್ಲಿ ನಾಲ್ಕು ಬಗೆಗಳಿವೆ. ಫುಟ್‌ಪಾತ್ ನಡೆಯುವವರಿಗೆ ಮಾತ್ರ ಮೀಸಲು. ಬ್ರೈಡಲ್‌ವೇ ಎಂಬುದು ಮೂಲತಃ ಕುದುರೆ ಸವಾರರ ದಾರಿ. 1968ರ ಕಂಟ್ರಿಸೈಡ್ ಆ್ಯಕ್ಟ್ ಇದರಲ್ಲಿ ಸೈಕಲ್ಲಿಗೂ ಅವಕಾಶ ಕೊಟ್ಟಿತು, ಆದರೆ ನಡೆಯುವವರಿಗೂ ಕುದುರೆ ಸವಾರರಿಗೂ ಸೈಕಲ್ ಸವಾರರು ದಾರಿ ಬಿಡಬೇಕೆಂಬ ಷರತ್ತಿನೊಂದಿಗೆ. ರಿಸ್ಟ್ರಿಕ್ಟೆಡ್ ಬೈವೇ ಮತ್ತು ಎಲ್ಲ ವಾಹನಗಳಿಗೂ ತೆರೆದ ಬೈವೇ ಇನ್ನೆರಡು ಬಗೆಗಳು. ಎರಡರಲ್ಲೂ ಸೈಕಲ್ ತುಳಿಯಬಹುದು.

ಸ್ಥಳದಲ್ಲಿ ಇವನ್ನು ಕಂಬದ ಮೇಲಿನ ಬಾಣದ ಬಣ್ಣ ಹೇಳುತ್ತದೆ. ಹಳದಿ ಬಾಣವಿದ್ದರೆ ಫುಟ್‌ಪಾತ್, ನೀಲಿ ಇದ್ದರೆ ಬ್ರೈಡಲ್‌ವೇ, ನೇರಳೆ ಇದ್ದರೆ ರಿಸ್ಟ್ರಿಕ್ಟೆಡ್ ಬೈವೇ, ಕೆಂಪು ಇದ್ದರೆ ಎಲ್ಲ ವಾಹನಗಳ ಬೈವೇ. ಮನೆಯಲ್ಲಿ ಕುಳಿತು ನೋಡುವಾಗ ಬ್ರಿಟನ್ನಿನ ಸರಕಾರಿ ನಕ್ಷೆ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೆಯ 1:25,000 ಪ್ರಮಾಣದ ಎಕ್ಸ್‌ಪ್ಲೋರರ್ ನಕ್ಷೆಯೇ ಬೇಕು. ಅದರಲ್ಲಿ ಹಸಿರು ಬಣ್ಣದ ಚಿಕ್ಕ ಗೀಟುಗಳ ಸಾಲು ಫುಟ್‌ಪಾತ್, ಉದ್ದ ಗೀಟುಗಳ ಸಾಲು ಬ್ರೈಡಲ್‌ವೇ. ಫೋನಿನ ಪುಟ್ಟ ಪರದೆಯಲ್ಲಿ ಈ ಎರಡರ ವ್ಯತ್ಯಾಸ ಕಣ್ತಪ್ಪುವುದು ಸಹಜವಾದ್ದರಿಂದ ಹಿಗ್ಗಿಸಿಯೇ ನೋಡಬೇಕು. ಕಿತ್ತಳೆ ಗೀಟುಗಳು ಭೂಮಾಲೀಕರ ಅನುಮತಿಯಿಂದ ನಡೆಯುವ ದಾರಿಗಳು. ಅವು ಹಕ್ಕಿನವಲ್ಲ, ಅನುಮತಿ ಹಿಂದಕ್ಕೆ ಹೋದರೆ ಮುಚ್ಚಿಯೂ ಇರಬಹುದು.

ಇಲ್ಲಿ ಆಗುವ ದೊಡ್ಡ ಗೊಂದಲ ಬಣ್ಣದ್ದು. ಅರಣ್ಯ ಕೇಂದ್ರಗಳಲ್ಲಿ ಸೈಕಲ್ ದಾರಿಗಳನ್ನು ಕಷ್ಟಕ್ಕೆ ತಕ್ಕಂತೆ ಹಸಿರು, ನೀಲಿ, ಕೆಂಪು, ಕಪ್ಪು ಎಂದು ವಿಂಗಡಿಸಿರುತ್ತಾರೆ: ಹಸಿರು ಸುಲಭ, ನೀಲಿ ಮಧ್ಯಮ, ಕೆಂಪು ಕಠಿಣ, ಕಪ್ಪು ಅತಿ ಕಠಿಣ. ಹಳ್ಳಿದಾರಿಯ ಕಂಬದಲ್ಲಿರುವ ನೀಲಿ ಬಾಣಕ್ಕೂ ಈ ನೀಲಿಗೂ ಯಾವ ಸಂಬಂಧವೂ ಇಲ್ಲ. ಬಾಣವು ಹಕ್ಕನ್ನು ಹೇಳುತ್ತದೆ, ಕಷ್ಟವನ್ನಲ್ಲ. ನೀಲಿ ಬಾಣದ ಬ್ರೈಡಲ್‌ವೇ ನುಣುಪಾದ ಮಣ್ಣಿನ ದಾರಿಯೂ ಆಗಿರಬಹುದು, ಮೊಣಕಾಲುದ್ದ ಕೆಸರೂ ಆಗಿರಬಹುದು. ನ್ಯಾಷನಲ್ ಟ್ರೇಲ್ ಎಂಬ ದೂರದ ನಡೆದಾರಿಗಳ ಗುರುತಾದ ಓಕ್ ಕಾಯಿಯ ಚಿತ್ರ ಕಂಡೊಡನೆ ಸೈಕಲ್ ಬಿಡಬಹುದೆಂದು ತಿಳಿಯುವುದೂ ತಪ್ಪು. ಆ ಕಾಯಿಯ ಜೊತೆಗಿರುವ ಬಾಣದ ಬಣ್ಣವನ್ನೇ ನೋಡಬೇಕು.

ದಾರಿಯಲ್ಲಿ ತಡಮೆ ಎದುರಾಯಿತೆಂದರೆ ನೀವು ಬಹುಶಃ ಫುಟ್‌ಪಾತಿನಲ್ಲಿದ್ದೀರಿ, ಏಕೆಂದರೆ ಕುದುರೆ ಹೋಗುವ ದಾರಿಯಲ್ಲಿ ತಡಮೆ ಇರುವಂತಿಲ್ಲ, ಗೇಟು ಇರಬೇಕು. ಮಲೆನಾಡಿನಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ತಡಮೆ ಇರುವುದು ಮನುಷ್ಯ ದಾಟಲೆಂದು, ದನ ದಾಟದಿರಲೆಂದು. ಆ್ಯಪ್ ಏನೇ ಹೇಳಲಿ, ಮೊದಲ ತಡಮೆಯ ಬಳಿಯೇ ನಿಂತು ನಕ್ಷೆ ತೆರೆಯಿರಿ. ಮೂರು ತಡಮೆ ದಾಟಿದ ಮೇಲೆ ನಕ್ಷೆ ತೆರೆದವನ ಅನುಭವದಿಂದ ಹೇಳುತ್ತಿದ್ದೇನೆ.

## ಹಂತ 2: ನೆಲ ಯಾವ ಬಗೆಯದೆಂದು ತಿಳಿಯಿರಿ

ಹೊಸಬರು ಸಂಪೂರ್ಣವಾಗಿ ಕಡೆಗಣಿಸುವ ಹಂತವಿದು. ನನ್ನ ಎಣಿಕೆಯಲ್ಲಿ ಅತಿ ಮುಖ್ಯವಾದದ್ದೂ ಇದೇ. ಒಂದೇ ದಿನದ ಒಂದೇ ಮಳೆ ನಾಲ್ಕು ಬಗೆಯ ನೆಲದ ಮೇಲೆ ನಾಲ್ಕು ರೀತಿ ಕೆಲಸ ಮಾಡುತ್ತದೆ.

ಜೇಡಿಮಣ್ಣು. ಆಕ್ಸ್‌ಫರ್ಡ್ ಸುತ್ತಲಿನ ತಗ್ಗು ಪ್ರದೇಶ, ಮಿಡ್‌ಲ್ಯಾಂಡ್ಸಿನ ಬಹುಪಾಲು, ಸಸೆಕ್ಸ್ ಮತ್ತು ಕೆಂಟ್ ನಡುವಿನ ವೀಲ್ಡ್ ತಗ್ಗುಗಳಲ್ಲಿ ಇದು ಹೆಚ್ಚು. ಗದಗ, ಧಾರವಾಡದ ಎರೆಹೊಲದಲ್ಲಿ ಮಳೆ ಬಂದ ಮಾರನೆಯ ದಿನ ಬಂಡಿ ಹೊಡೆದವರಿಗೆ ಇದರ ಗುಣ ಗೊತ್ತು. ಮಣ್ಣು ಟಯರಿಗೆ ಸುತ್ತಿಕೊಂಡು, ಚೌಕಟ್ಟಿನ ಸಂದಿಯಲ್ಲಿ ತುಂಬಿಕೊಂಡು, ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ. ನವೆಂಬರಿನಿಂದ ಮಾರ್ಚಿನವರೆಗೆ ಇಂಥ ನೆಲದ ಬ್ರೈಡಲ್‌ವೇಗಳನ್ನು ಹೊಸಬರು ಪೂರ್ಣವಾಗಿ ಬಿಟ್ಟುಬಿಡುವುದು ಒಳಿತು. ಬೇಸಗೆಯಲ್ಲಿ ಇದೇ ಮಣ್ಣು ಒಣಗಿದಾಗ ಕುದುರೆ ಗೊರಸಿನ ಗುಳಿಗಳು ಇಟ್ಟಿಗೆಯಂತೆ ಗಟ್ಟಿಯಾಗುವುದರಿಂದ ಆಗಲೂ ಸವಾರಿ ಹಿತವಾಗಿರುವುದಿಲ್ಲ.

ಸೀಮೆಸುಣ್ಣದ ಕಲ್ಲಿನ ಗುಡ್ಡಗಳು. ವಿಲ್ಟ್‌ಶರ್, ಬರ್ಕ್‌ಶರ್ ಡೌನ್ಸ್, ಚಿಲ್ಟರ್ನ್ಸ್, ಸೌತ್ ಡೌನ್ಸ್‌ಗಳು ಈ ಜಾತಿಯವು. ನೀರು ಬೇಗ ಇಂಗುತ್ತದೆ, ಒಣಗಿದಾಗ ಇದಕ್ಕಿಂತ ಒಳ್ಳೆಯ ನೆಲ ಸಿಗುವುದು ಅಪರೂಪ. ಆದರೆ ಮೇಲ್ಮೈ ಒದ್ದೆಯಾಗಿರುವಾಗ ಬಿಳಿಯ ಕಲ್ಲು ಪಾಚಿ ಕಟ್ಟಿದ ಬಾವಿಕಟ್ಟೆಯಂತೆ ಜಾರುತ್ತದೆ, ಮತ್ತು ಅದರಲ್ಲಿ ಹುದುಗಿರುವ ಚಕಮಕಿ ಕಲ್ಲಿನ ಚೂರುಗಳ ಅಂಚು ಟಯರನ್ನು ಸೀಳುವಷ್ಟು ಹರಿತವಾಗಿರುತ್ತದೆ.

ಮರಳು ಮತ್ತು ಜಲ್ಲಿ. ನ್ಯೂ ಫಾರೆಸ್ಟಿನ ಜಲ್ಲಿದಾರಿಗಳು, ಬ್ರಾಕ್‌ನೆಲ್ ಬಳಿಯ ಸ್ವಿನ್ಲಿ ಫಾರೆಸ್ಟ್, ನಾರ್ಫೋಕ್–ಸಫೋಕ್ ಗಡಿಯ ಥೆಟ್‌ಫರ್ಡ್ ಫಾರೆಸ್ಟ್ ಈ ಗುಂಪಿಗೆ ಸೇರುತ್ತವೆ. ಮಳೆ ನಿಂತ ಸ್ವಲ್ಪ ಹೊತ್ತಿನಲ್ಲೇ ಓಡಾಡಬಹುದಾದ್ದರಿಂದ ಚಳಿಗಾಲಕ್ಕೆ ಇವೇ ಆಸರೆ.

ನಾಲ್ಕನೆಯದು ಹಳೆಯ ರೈಲುದಾರಿಗಳ ಹಾಸು. ರೈಲು ಹೆಚ್ಚಿನ ಏರನ್ನು ಹತ್ತಲಾರದು, ಆದ್ದರಿಂದ ಹಳಿ ಕಿತ್ತು ಮಾಡಿದ ದಾರಿಗಳು ಬಹುತೇಕ ಸಮತಟ್ಟು. ವರ್ಷವಿಡೀ ಹೋಗಬಹುದು. ಡಾರ್ಬಿಶರಿನ ಹೈ ಪೀಕ್ ಟ್ರೇಲ್ ಮಾತ್ರ ಇದಕ್ಕೆ ಅಪವಾದ: ಅದರ ಕ್ರಾಮ್‌ಫರ್ಡ್ ಕಡೆಯ ತುದಿಯಲ್ಲಿ, ವ್ಯಾಗನ್‌ಗಳನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದ ಕಡಿದಾದ ಇಳಿಜಾರುಗಳು ಹಾಗೆಯೇ ಉಳಿದಿವೆ. ಆ ದಾರಿಗೆ ಹೋಗುವ ಹೊಸಬರು ಪಾರ್ಸ್ಲಿ ಹೇ ಕಡೆಯಿಂದ ಹೊರಟು, ಇಳಿಜಾರುಗಳು ಶುರುವಾಗುವ ಮುನ್ನವೇ ತಿರುಗಿ ಬರಬೇಕು.

## ಹಂತ 3: ಮೂರು ಮಾರ್ಗಗಳನ್ನು ಈ ಕ್ರಮದಲ್ಲಿ ತುಳಿಯಿರಿ

ಮೊದಲನೆಯದು ಪೀಕ್ ಡಿಸ್ಟ್ರಿಕ್ಟಿನ ಮಾನ್ಸಲ್ ಟ್ರೇಲ್. ಬೇಕ್‌ವೆಲ್ ಹೊರವಲಯದ ಕೂಮ್ಸ್ ರೋಡಿನಿಂದ ಬ್ಲ್ಯಾಕ್‌ವೆಲ್ ಮಿಲ್‌ವರೆಗೆ ಎಂಟೂವರೆ ಮೈಲಿ, ಅಂದರೆ ಸುಮಾರು 13.7 ಕಿಲೋಮೀಟರ್. ಹೋಗಿ ಬರುವುದಕ್ಕೆ 27 ಕಿಲೋಮೀಟರ್ ಆಗುವುದರಿಂದ ಮಕ್ಕಳಿದ್ದವರು ಹ್ಯಾಸಪ್ ಸ್ಟೇಷನ್ನಿನಿಂದ ಮಿಲ್ಲರ್ಸ್ ಡೇಲ್‌ವರೆಗೆ ಮಾತ್ರ ಹೋಗಿ ಹಿಂದಿರುಗಬಹುದು. ಹ್ಯಾಸಪ್‌ನಲ್ಲಿ ಸೈಕಲ್ ಬಾಡಿಗೆಗೂ ಸಿಗುತ್ತದೆ. ಬೇಕ್‌ವೆಲ್ ಕಡೆಯಿಂದ ಹೊರಟರೆ ದಾರಿ ಕಣ್ಣಿಗೆ ಕಾಣದಷ್ಟು ನಯವಾಗಿ ಏರುತ್ತದೆ, ಆದ್ದರಿಂದ ದಣಿದ ಮೇಲಿನ ಮರುಪಯಣ ಹಗುರವಾಗುತ್ತದೆ. 2011ರಲ್ಲಿ ತೆರೆದ ನಾಲ್ಕು ದೊಡ್ಡ ಸುರಂಗಗಳು ತಲಾ ಸುಮಾರು 400 ಮೀಟರ್ ಉದ್ದವಿವೆ. ಅವುಗಳ ದೀಪಗಳು ಹಗಲಿನಲ್ಲಿ ಮಾತ್ರ ಉರಿಯುವುದರಿಂದ ನಿಮ್ಮ ಸೈಕಲ್ಲಿಗೆ ದೀಪವಿರಲೇಬೇಕು. ಬೇಸಗೆಯಲ್ಲೂ ಒಳಗೆ ಚಳಿ, ಛಾವಣಿಯಿಂದ ನೀರು ತೊಟ್ಟಿಕ್ಕುತ್ತದೆ. ಬ್ಲ್ಯಾಕ್‌ವೆಲ್ ಮಿಲ್ ಬಳಿ ನದಿಯ ಪಕ್ಕ ಚೀ ಡೇಲ್ ಕಡೆಗೆ ಇಳಿಯುವ ದಾರಿ ನಡೆಯುವವರದ್ದು, ನೀರಿನ ನಡುವೆ ಮೆಟ್ಟುಗಲ್ಲುಗಳಿವೆ. ಅತ್ತ ಸೈಕಲ್ ಇಳಿಸಬೇಡಿ.

ಎರಡನೆಯದು ನ್ಯೂ ಫಾರೆಸ್ಟ್. ಲಂಡನ್ ವಾಟರ್‌ಲೂದಿಂದ ವೇಮತ್ ಕಡೆಗೆ ಹೋಗುವ ರೈಲುಮಾರ್ಗದಲ್ಲಿ ಬ್ರಾಕನ್‌ಹರ್ಸ್ಟ್ ನಿಲ್ದಾಣದಲ್ಲಿ ಇಳಿದರೆ ಕಾಡು ಹತ್ತಿರದಲ್ಲೇ ಇದೆ. ನೂರು ಮೈಲಿಗೂ ಮಿಕ್ಕಿದ ಜಲ್ಲಿದಾರಿಗಳಿವೆ, ಕೂಡುದಾರಿಗಳಲ್ಲಿ ಸಂಖ್ಯೆ ಬರೆದ ಗೂಟಗಳಿವೆ. ಆ ಸಂಖ್ಯೆಗಳನ್ನು ಕ್ರಮವಾಗಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಫೋನ್ ತೆಗೆಯುವ ಪ್ರಸಂಗವೇ ಬರುವುದಿಲ್ಲ. ಗುರುತು ಹಾಕಿದ ದಾರಿ ಬಿಟ್ಟು ಕಾಡಿನೊಳಗೆ ಸೈಕಲ್ ಬಿಡುವುದಕ್ಕೆ ಇಲ್ಲಿ ಅನುಮತಿ ಇಲ್ಲ. ದಾರಿ ಎಷ್ಟೇ ಅಗಲವಾಗಿ ಕಂಡರೂ ಗೂಟವಿಲ್ಲದಿದ್ದರೆ ಅದು ನಿಮ್ಮದಲ್ಲ. ಕುದುರೆಮರಿಗಳಂತೆ ಕಾಣುವ ಪೋನಿಗಳು ದಾರಿಯ ನಡುವೆಯೇ ನಿಂತಿರುತ್ತವೆ. ಅವಕ್ಕೆ ತಿನ್ನಲು ಏನನ್ನೂ ಕೊಡಬಾರದು, ಹಿಂಗಾಲಿನ ಬಳಿ ಸುಳಿಯಲೂಬಾರದು.

ಈ ಎರಡನ್ನೂ ನೆಲಕ್ಕೆ ಕಾಲೂರದೆ ಮುಗಿಸಿದ ಮೇಲೆ ರಿಡ್ಜ್‌ವೇಗೆ ಹೋಗಿ. ಏವ್‌ಬರಿ ಬಳಿಯ ಓವರ್ಟನ್ ಹಿಲ್‌ನಿಂದ ಐವಿಂಗ್ಹೋ ಬೀಕನ್‌ವರೆಗಿನ 87 ಮೈಲಿಯ ಈ ದಾರಿಯ ಪಶ್ಚಿಮಾರ್ಧ, ಅಂದರೆ ಥೇಮ್ಸ್ ತೀರದ ಸ್ಟ್ರೀಟ್ಲಿವರೆಗಿನ ಭಾಗ, ಸೈಕಲ್ಲಿಗೆ ತೆರೆದಿದೆ. ನದಿ ದಾಟಿದ ಮೇಲೆ ಹಲವು ಭಾಗಗಳು ಬರಿಯ ಫುಟ್‌ಪಾತ್. ಹೊಸಬರಿಗೆ ತಕ್ಕ ತುಂಡು ಅಫಿಂಗ್ಟನ್ ವೈಟ್ ಹಾರ್ಸ್ ಗುಡ್ಡದ್ದು; ನಕ್ಷೆ ಎಕ್ಸ್‌ಪ್ಲೋರರ್ 170. ಗುಡ್ಡದ ಮೇಲಿನ ರಿಡ್ಜ್‌ವೇ ತಲುಪಿ ಪಶ್ಚಿಮಕ್ಕೆ ತಿರುಗಿದರೆ ಸುಮಾರು ಎರಡು ಕಿಲೋಮೀಟರಿನಲ್ಲಿ ಬೀಚ್ ಮರಗಳ ತೋಪಿನೊಳಗಿನ ವೇಲಂಡ್ಸ್ ಸ್ಮಿದಿ ಸಮಾಧಿ ಸಿಗುತ್ತದೆ. ಮೊದಲ ಬಾರಿಗೆ ಅಲ್ಲಿಂದ ಸ್ವಲ್ಪ ಮುಂದೆ ಬಿ4000 ರಸ್ತೆಯವರೆಗೆ ಹೋಗಿ ಹಿಂದಿರುಗಿದರೆ ಸಾಕು. ದೂರ ಕಡಿಮೆ ಎಂದು ಹಗುರವಾಗಿ ಎಣಿಸಬೇಡಿ. ಹಳೆಯ ಗಾಲಿಜಾಡುಗಳು, ಚಕಮಕಿ ಕಲ್ಲು, ಮರೆಯಿಲ್ಲದ ಬೆಟ್ಟಸಾಲಿನ ಗಾಳಿ, ಇವೆಲ್ಲ ಒಟ್ಟಿಗೆ ಎದುರಾಗುವುದು ಇಲ್ಲೇ. ಪಶ್ಚಿಮದ ಗಾಳಿ ಸಾಮಾನ್ಯವಾದ್ದರಿಂದ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನುಗಾಳಿ ಆಗುವ ಈ ದಿಕ್ಕನ್ನು ಬೇಕೆಂದೇ ಹೇಳಿದ್ದೇನೆ. ಮೇಲೆ ನೀರಿನ ನಲ್ಲಿಗಳು ವಿರಳ, ಹೊರಡುವ ಮುನ್ನವೇ ತುಂಬಿಸಿಕೊಳ್ಳಿ.

## ಹಂತ 4: ಸೈಕಲ್ ಸಿದ್ಧಪಡಿಸಿ

ನಮ್ಮೂರಿನ ಸೈಕಲ್ ಅಂಗಡಿಯಲ್ಲಿ ಟಯರನ್ನು ಹೆಬ್ಬೆರಳಿನಿಂದ ಒತ್ತಿ, ಕಲ್ಲಿನಂತಾದ ಮೇಲೆ ‘ಆಯ್ತು’ ಎನ್ನುವ ಅಭ್ಯಾಸ ನಮಗೆಲ್ಲ ಅಂಟಿಕೊಂಡಿದೆ. ಮೌಂಟನ್ ಬೈಕಿನ ಅಗಲ ಟಯರಿಗೆ ಅದು ಸಲ್ಲದು. ಎರಡೂಕಾಲು ಇಂಚಿನ ಸುಮಾರಿನ ಟಯರಿಗೆ, ಒಳಗೆ ಟ್ಯೂಬಿದ್ದರೆ, ಎಪ್ಪತ್ತು ಕಿಲೋ ತೂಕದ ಸವಾರನಿಗೆ 30 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಆಸುಪಾಸಿನಿಂದ ಪ್ರಾರಂಭಿಸಿ ನೋಡಬಹುದು. ಟಯರಿನ ಬದಿಯಲ್ಲಿ ಮುದ್ರಿಸಿರುವ ಮಿತಿಯೊಳಗೇ ಇರಬೇಕು. ಗಾಳಿ ಹೆಚ್ಚಾದರೆ ಚಕ್ರ ಕಲ್ಲಿನಿಂದ ಕಲ್ಲಿಗೆ ಪುಟಿಯುತ್ತದೆ. ತೀರ ಕಡಿಮೆಯಾದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತವೆ. ಪಂಕ್ಚರಾದ ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು ಕಂಡರೆ ತಪ್ಪು ನಿಮ್ಮ ಪಂಪಿನದು, ಮುಳ್ಳಿನದಲ್ಲ.

ಸೀಟಿನ ಎತ್ತರವನ್ನು ಹಿಮ್ಮಡಿಯಿಂದ ಅಳೆಯಿರಿ. ಪೆಡಲ್ ಅತಿ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಬ್ರೇಕಿನ ವಿಷಯದಲ್ಲಿ ನಮಗೊಂದು ಅನುಕೂಲವಿದೆ: ಇಲ್ಲಿಯೂ ನಮ್ಮಲ್ಲಿಯಂತೆ ಬಲಗೈಯದು ಮುಂದಿನ ಚಕ್ರಕ್ಕೆ. ಯುರೋಪಿನಿಂದ ತರಿಸಿದ ಅಥವಾ ಸೆಕೆಂಡ್ ಹ್ಯಾಂಡ್ ಕೊಂಡ ಸೈಕಲ್ಲಿನಲ್ಲಿ ಇದು ಅದಲುಬದಲಾಗಿರಬಹುದಾದ್ದರಿಂದ ಅಂಗಳದಲ್ಲೇ ಒಮ್ಮೆ ಹಿಡಿದು ನೋಡಿಕೊಳ್ಳಿ.

## ಹಂತ 5: ಚೀಲ ತುಂಬಿ

ಒಂದು ಹೊಸ ಟ್ಯೂಬ್, ಟಯರ್ ಬಿಚ್ಚುವ ಎರಡು ಪ್ಲಾಸ್ಟಿಕ್ ಲಿವರ್, ಪುಟ್ಟ ಪಂಪ್, ಅಲೆನ್ ಕೀಗಳಿರುವ ಮಲ್ಟಿಟೂಲ್, ತುಂಡಾದ ಚೈನನ್ನು ಕೂಡಿಸುವ ಕ್ವಿಕ್ ಲಿಂಕ್. ಟ್ಯೂಬ್ ಕೊಳ್ಳುವಾಗ ಚಕ್ರದ ಅಳತೆ 26, 27.5, 29ರಲ್ಲಿ ಯಾವುದೆಂದೂ, ವಾಲ್ವ್ ತೆಳುವಾದ ಪ್ರೆಸ್ಟಾ ಬಗೆಯದೋ ಕಾರಿನಂಥ ದಪ್ಪ ಶ್ರೇಡರ್ ಬಗೆಯದೋ ಎಂದೂ ನೋಡಬೇಕು. ಪಂಪ್ ಆ ವಾಲ್ವಿಗೆ ಕೂರುತ್ತದೆಯೇ ಎಂಬುದನ್ನು ಮನೆಯಲ್ಲೇ ಪರೀಕ್ಷಿಸಿ. ಗುಡ್ಡದ ಮೇಲೆ ಪಂಪ್ ಇದ್ದೂ ಗಾಳಿ ಹೊಡೆಯಲಾಗದೆ ನಿಂತವರನ್ನು ನಾನು ಒಬ್ಬರಿಗಿಂತ ಹೆಚ್ಚು ಕಂಡಿದ್ದೇನೆ.

ಜೊತೆಗೆ ಮಳೆ ತಡೆಯುವ ಜಾಕೆಟ್, ಹಿಂದೆ ಮುಂದೆ ದೀಪ, ನೀರು, ತಿನ್ನಲು ಏನಾದರೂ ಇರಲಿ. ಚಪಾತಿ ಪಲ್ಯದ ಸುರುಳಿ ಜೇಬಿನಲ್ಲಿ ಬಾಳಿದಷ್ಟು ಚಿತ್ರಾನ್ನ ಡಬ್ಬಿಯಲ್ಲಿ ಬಾಳುವುದಿಲ್ಲ. ಹೆಲ್ಮೆಟ್ ಇಲ್ಲಿ ಕಾನೂನಿನ ಕಡ್ಡಾಯವಲ್ಲದಿದ್ದರೂ ಅದಿಲ್ಲದೆ ಹೊರಡಬಾರದು.

ಕಾಗದದ ನಕ್ಷೆ ಒಯ್ಯಿರಿ, ಅಥವಾ ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಟ್ಟುಕೊಳ್ಳಿ. ಕಣಿವೆಗಳಲ್ಲಿ ಸಿಗ್ನಲ್ ಕೈಕೊಡುತ್ತದೆ. ಮಾತನಾಡುವಷ್ಟು ಸಿಗ್ನಲ್ ಇಲ್ಲದಾಗ 999ಕ್ಕೆ ಎಸ್ಸೆಮ್ಮೆಸ್ ಕಳುಹಿಸುವ ಸೌಲಭ್ಯವಿದೆ, ಆದರೆ ಅದಕ್ಕೆ ಮುಂಚಿತವಾಗಿಯೇ ನೋಂದಾಯಿಸಿರಬೇಕು: ರಿಜಿಸ್ಟರ್ ಎಂಬ ಇಂಗ್ಲಿಷ್ ಪದವನ್ನು 999ಕ್ಕೆ ಕಳುಹಿಸಿ, ಬರುವ ಉತ್ತರದಲ್ಲಿ ಹೇಳಿದಂತೆ ಒಪ್ಪಿಗೆ ಸೂಚಿಸಿದರೆ ಮುಗಿಯಿತು. ಇದನ್ನು ಈಗಲೇ ಮಾಡಬಹುದು.

## ಹಂತ 6: ದಿನವನ್ನೂ ಹೊತ್ತನ್ನೂ ಲೆಕ್ಕ ಹಾಕಿ

ಡಿಸೆಂಬರಿನ ಮೂರನೆಯ ವಾರ ಲಂಡನ್ನಿನಲ್ಲಿ ಸಂಜೆ 4ಕ್ಕೆ ಮುನ್ನವೇ ಸೂರ್ಯ ಮುಳುಗುತ್ತಾನೆ, ಜೂನಿನಲ್ಲಿ ರಾತ್ರಿ 9 ಕಳೆದ ಮೇಲೆ. ವರ್ಷವಿಡೀ ಆರೂವರೆಯ ಆಸುಪಾಸಿಗೆ ಕತ್ತಲಾಗುವ ಊರಿನಿಂದ ಬಂದ ನಮಗೆ ಈ ಲೆಕ್ಕ ಮೊದಲ ಒಂದೆರಡು ವರ್ಷ ತಪ್ಪುತ್ತಲೇ ಇರುತ್ತದೆ, ಅದರಲ್ಲೂ ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋದ ವಾರದಲ್ಲಿ. ರೈಲುದಾರಿಯಂಥ ನೆಲದಲ್ಲಿ ಗಂಟೆಗೆ 12 ಕಿಲೋಮೀಟರ್, ಗುಡ್ಡದ ಮೇಲಿನ ಒರಟು ದಾರಿಯಲ್ಲಿ 8 ಎಂದು ಹಿಡಿದು, ಬಂದ ಮೊತ್ತಕ್ಕೆ ಪಂಕ್ಚರು, ಗೇಟು, ಚಹಾಗಳಿಗಾಗಿ ಒಂದು ಗಂಟೆ ಸೇರಿಸಿ, ಸೂರ್ಯಾಸ್ತಕ್ಕೆ ಎರಡು ಗಂಟೆ ಮುನ್ನ ಸವಾರಿ ಮುಗಿಯುವಂತೆ ಹೊರಡುವ ವೇಳೆಯನ್ನು ಹಿಂದಿನಿಂದ ಲೆಕ್ಕ ಹಾಕಬೇಕು.

ಮಳೆಯ ಮುನ್ಸೂಚನೆಗಿಂತ ಹಿಂದಿನ ಮೂರು ದಿನ ಎಷ್ಟು ಮಳೆಯಾಯಿತು ಎಂಬುದು ಹೆಚ್ಚು ಉಪಯುಕ್ತ. ರೈಲಿನಲ್ಲಿ ಸೈಕಲ್ ಒಯ್ಯುವವರು ಆ ಸೇವೆಯಲ್ಲಿ ಸೈಕಲ್ಲಿಗೆ ಮುಂಗಡ ಜಾಗ ಕಾದಿರಿಸಬೇಕೇ, ಜನದಟ್ಟಣೆಯ ವೇಳೆಯಲ್ಲಿ ನಿಷೇಧವಿದೆಯೇ ಎಂದು ನೋಡಿಕೊಳ್ಳಬೇಕು. ಹಳಿ ದುರಸ್ತಿಯ ಭಾನುವಾರ ರೈಲಿಗೆ ಬದಲಾಗಿ ಬಸ್ಸು ಬಂದರೆ ಸೈಕಲ್ ಹತ್ತಿಸಿಕೊಳ್ಳುವುದನ್ನು ನೆಚ್ಚಿಕೊಳ್ಳಬೇಡಿ.

## ಹಂತ 7: ದಾರಿಯಲ್ಲಿ ನಡೆದುಕೊಳ್ಳುವ ರೀತಿ

ಗೇಟನ್ನು ಹೇಗೆ ಕಂಡಿರೋ ಹಾಗೆಯೇ ಬಿಡಿ: ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದೇ ಇರಲಿ. ತೆರೆದ ಗೇಟನ್ನು ಒಳ್ಳೆಯತನದಿಂದ ಮುಚ್ಚಿ ಬಂದರೆ ದನಗಳಿಗೆ ನೀರಿನ ದಾರಿ ತಪ್ಪಬಹುದು.

ಕುದುರೆ ಹಿಂದಿನಿಂದ ಬರುವ ಸದ್ದಿಲ್ಲದ ಸೈಕಲ್ಲಿಗೆ ಬೆಚ್ಚುತ್ತದೆ. ದೂರದಿಂದಲೇ ವೇಗ ಇಳಿಸಿ, ಸವಾರರಿಗೆ ಕೇಳುವಂತೆ ಮಾತನಾಡಿ. ಕಿವಿಯ ಬಳಿ ಗಂಟೆ ಬಾರಿಸುವುದಕ್ಕಿಂತ ಮನುಷ್ಯನ ದನಿ ಮೇಲು. ಅವರು ಹೋಗಿ ಎಂದ ಮೇಲೆ ಅಗಲವಾಗಿ ಬಳಸಿಕೊಂಡು ನಿಧಾನವಾಗಿ ದಾಟಿ. ದನಗಳಿರುವ ಹುಲ್ಲುಗಾವಲಿನಲ್ಲಿ ಇಳಿದು ನಡೆಯುವುದು ಒಳ್ಳೆಯದು. ಹಸು ಮತ್ತು ಕರುವಿನ ನಡುವೆ ಎಂದೂ ನುಗ್ಗಬೇಡಿ. ಹಿಂಬಾಲಿಸಿದರೆ ಓಡದೆ, ಸೈಕಲನ್ನು ನಿಮಗೂ ದನಕ್ಕೂ ನಡುವೆ ಹಿಡಿದುಕೊಂಡು ಗೇಟಿನತ್ತ ಸಾಗಿ. ನಮ್ಮೂರ ಬೀದಿಯ ಹಸುವಿಗಿರುವ ಸಲಿಗೆ ಇವಕ್ಕಿಲ್ಲ.

ಇಳಿಜಾರಿನಲ್ಲಿ ಸೀಟಿನಿಂದ ಎದ್ದು, ಎರಡೂ ಪೆಡಲ್ ಒಂದೇ ಮಟ್ಟದಲ್ಲಿರಿಸಿ, ಮೊಣಕೈ ಸಡಿಲಬಿಟ್ಟು, ದೇಹದ ಭಾರವನ್ನು ತುಸು ಹಿಂದಕ್ಕೆ ಸರಿಸಿ. ಬ್ರೇಕನ್ನು ಕಡಿದಾದ ಭಾಗಕ್ಕೆ ಮುಂಚೆಯೇ, ಎರಡನ್ನೂ ಒಟ್ಟಿಗೆ, ಮೆಲ್ಲಗೆ ಹಿಡಿಯಬೇಕು. ಒದ್ದೆ ಸೀಮೆಸುಣ್ಣದ ಕಲ್ಲಿನ ಮೇಲೆ ಮುಂದಿನ ಬ್ರೇಕನ್ನು ಗಕ್ಕನೆ ಹಿಡಿದವರು ಬೀಳುವುದು ಬಹುತೇಕ ಖಚಿತ. ಗಾಲಿಜಾಡಿನೊಳಗೆ ಚಕ್ರ ಇಳಿದರೆ ಹ್ಯಾಂಡಲ್ ತಿರುಗಿಸಿ ಹತ್ತಲು ಹೋಗದೆ, ನಿಂತು ಎತ್ತಿ ಹೊರಗಿಡಿ.

## ಹಂತ 8: ತಿರುಗಿ ಬರಬೇಕಾದ ಸೂಚನೆಗಳು

ಚೌಕಟ್ಟಿನ ಸಂದಿಯಲ್ಲಿ ಮಣ್ಣು ತುಂಬಿ ಚಕ್ರ ಉಜ್ಜುವ ಸದ್ದು ಬಂದರೆ ಮುಂದಿನ ಕಿಲೋಮೀಟರ್ ಇನ್ನೂ ಕೆಟ್ಟದಾಗಿರುತ್ತದೆ ಎಂದೇ ಎಣಿಸಿ. ಇರುವ ಒಂದೇ ಟ್ಯೂಬನ್ನು ಬಳಸಿಯಾಗಿದ್ದರೆ ಹತ್ತಿರದ ರಸ್ತೆಗೆ ಇಳಿಯಿರಿ. ಲೆಕ್ಕ ಹಾಕಿದ ಅರ್ಧ ಸಮಯ ಮುಗಿದರೂ ಅರ್ಧದಾರಿ ತಲುಪಿಲ್ಲವೆಂದರೆ ಅಲ್ಲಿಂದಲೇ ಹಿಂದಿರುಗಬೇಕು. ಜೊತೆಗಿರುವವರು ಮಾತು ನಿಲ್ಲಿಸಿದ್ದಾರೆ, ಬೆರಳುಗಳು ಬ್ರೇಕ್ ಹಿಡಿಯದಷ್ಟು ಮರಗಟ್ಟಿವೆ ಎಂದಾದರೆ ಲೆಕ್ಕ ಹಾಕುತ್ತ ಕೂರದೆ ಬೆಚ್ಚಗಿನ ಜಾಗ ಹುಡುಕಿ.

ಶರತ್ಕಾಲದ ಸೂಚನೆಯೊಂದು ಬೇರೆಯಿದೆ. ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ, ಹಕ್ಕಿಗಳು ಗೂಡು ಕಟ್ಟುವ ಕಾಲದಲ್ಲಿ, ರೈತರು ಬೇಲಿ ಕತ್ತರಿಸುವಂತಿಲ್ಲ. ಸೆಪ್ಟೆಂಬರ್ ಬರುತ್ತಲೇ ಯಂತ್ರಗಳು ಹೊರಬರುತ್ತವೆ. ಬೇಲಿಯ ತಲೆ ಹೊಸದಾಗಿ ಬೆಳ್ಳಗೆ ಸೀಳಿದಂತೆ ಕಂಡರೆ ಕೆಳಗಿನ ದಾರಿಯ ತುಂಬ ಹಾಥಾರ್ನ್ ಮುಳ್ಳು ಚೆಲ್ಲಿದೆ ಎಂದೇ ಅರ್ಥ. ಇಳಿದು, ಸೈಕಲ್ ಎತ್ತಿಕೊಂಡು ದಾಟಿ.

## ಹಂತ 9: ಮನೆಗೆ ಬಂದ ಮೇಲೆ

ಚೈನಿನ ಕೆಸರನ್ನು ಅಂದೇ ತೊಳೆದು ಒರೆಸಿ ಎಣ್ಣೆ ಹಾಕಿ. ಬೇರಿಂಗುಗಳ ಮೇಲೆ ರಭಸದ ನೀರು ಹೊಡೆಯಬೇಡಿ.

ಬಳಿಕ ಮೈ ನೋಡಿಕೊಳ್ಳಿ. ನ್ಯೂ ಫಾರೆಸ್ಟ್, ಥೆಟ್‌ಫರ್ಡ್ ಕಡೆಯ ಪೊದೆ ಜರೀಗಿಡಗಳಲ್ಲಿ ಉಣ್ಣಿಗಳಿವೆ, ಮಲೆನಾಡಿನವರು ಉಣುಗು ಎನ್ನುವ ಗುಂಪಿನವೇ. ಅಲ್ಲಿ ಉಣುಗೆಂದರೆ ಮಂಗನ ಕಾಯಿಲೆಯ ಭಯ, ಇಲ್ಲಿ ಲೈಮ್ ಕಾಯಿಲೆಯದು. ಮೊಣಕಾಲಿನ ಹಿಂಭಾಗ, ತೊಡೆಸಂದು, ಕಂಕುಳು, ಮಕ್ಕಳಾದರೆ ತಲೆಗೂದಲಿನ ಅಂಚು, ಇವುಗಳಲ್ಲಿ ಹುಡುಕಿ. ಸಿಕ್ಕರೆ ಎಣ್ಣೆ ಹಚ್ಚುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ. ಮೊನಚಾದ ಚಿಮಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು, ತಿರುಚದೆ, ನಿಧಾನವಾಗಿ ನೇರಕ್ಕೆ ಎಳೆಯಿರಿ. ಕಚ್ಚಿದ ದಿನಾಂಕವನ್ನು ಬರೆದಿಟ್ಟುಕೊಳ್ಳಿ. ಅದರ ಸುತ್ತ ವೃತ್ತಾಕಾರದ ಕೆಂಪು ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರಗಳಲ್ಲಿ ಕಾಣಿಸಿಕೊಳ್ಳುತ್ತದೆಯಾದರೂ ಮೂರು ತಿಂಗಳವರೆಗೂ ತಡವಾಗಬಹುದು; ಕಂಡರೆ ಅದರ ಫೋಟೋವನ್ನೂ ಆ ದಿನಾಂಕವನ್ನೂ ಹಿಡಿದು ಜಿಪಿಯ (ನೀವು ನೋಂದಾಯಿಸಿಕೊಂಡ ಸ್ಥಳೀಯ ವೈದ್ಯರ) ಬಳಿಗೆ ಹೋಗಿ.